ಮೈಕ್ ರೂಮಿನ ಮಧ್ಯಾಹ್ನಗಳು

"ಏನ್ರೀ ಮಾಡಿದ್ರಿ ನೀವು?!"

ಆ ಕೂಗಿಗೆ ಅವಳ ಕೈಯಲ್ಲಿದ್ದ ಟೆಸ್ಟರ್ ಠಣ್ಣನೆ ನೆಲಕ್ಕೆ ಬಿತ್ತು.

ಶಾಲೆಯ ಲೈಬ್ರರಿಯ ದೀಪ, ಫ್ಯಾನು, ಕಂಪ್ಯೂಟರು ಎಲ್ಲವೂ ಒಮ್ಮೆಲೇ ಆರಿಹೋಗಿದ್ದವು. ಮೇನ್ ಸ್ವಿಚ್ ಕೆಳಗೆಳೆದವಳು ಅವಳೇ. ಕಪಾಟುಗಳ ನಡುವಿನ ಮಬ್ಬು ಬೆಳಕಿನಲ್ಲಿ ಎತ್ತರದ ಯುವಕನೊಬ್ಬ, ಕಪ್ಪಾದ ಪರದೆಯ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಆ ವಾರವಷ್ಟೇ ಕೆಲಸಕ್ಕೆ ಸೇರಿದ ಹೊಸ ಲೈಬ್ರರಿಯನ್!

"ಬೆಳಿಗ್ಗೆಯಿಂದ ಕೂತು ಪುಸ್ತಕಗಳ ಹೆಸರೆಲ್ಲ ಟೈಪ್ ಮಾಡಿದ್ದೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯ್ತು ನನ್ನ ಪಾಡು. ಆಫ್ ಮಾಡೋ ಮುಂಚೆ ಒಂದು ಮಾತು ಕೇಳೋಕೇನಾಗಿತ್ತು?"

"ಬೆಂಕಿ ಕೇಳ್ಕೊಂಡು ಬರುತ್ತಾ ಸರ್?"

ಅವಳು ಅವನ ಬೆನ್ನ ಹಿಂದೆ ಬೆರಳು ತೋರಿಸಿದಳು. ಅವನು ತಿರುಗಿ ನೋಡಿದ. ಕಂಪ್ಯೂಟರಿನ ಹಿಂದಿದ್ದ ಸ್ವಿಚ್ ಬೋರ್ಡಿನಿಂದ ತೆಳ್ಳನೆಯ ಹೊಗೆ ಎಳೆ ಎಳೆಯಾಗಿ ಮೇಲೇಳುತ್ತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಆಗಷ್ಟೇ ಅವನ ಮೂಗಿಗೂ ಬಡಿಯಿತು.

"ಓ..." ಎಂದ.

"ಓ ಅಲ್ಲ. ಒಂಚೂರು ಪಕ್ಕಕ್ಕೆ ಸರೀರಿ. ದೊಣ್ಣೆಗೆ ಕೆಲಸ ಇದೆ."

ಆ ಕ್ಷಣ ಅವನು ನಕ್ಕ. ಸಣ್ಣ, ತಗ್ಗಿದ ನಗು. ಆದರೆ ಆ ದನಿ! ಬಾವಿಯ ತಳದಲ್ಲಿ ನೀರು ಅಲುಗಾಡಿದಂತೆ...

ಬೋರ್ಡಿನ ಸ್ಕ್ರೂ ತಿರುಗಿಸುತ್ತಿದ್ದ ಅವಳ ಬೆರಳುಗಳು ಯಾಕೋ ಒಂದು ಗಳಿಗೆ ನಿಂತವು.

'ಏನಿದು? ನಗೋದನ್ನ ಇವತ್ತೇ ಮೊದಲು ಕೇಳ್ತಿದ್ದೀನಾ?'

ಬೋರ್ಡು ಸರಿಯಾಯಿತು. ಕಂಪ್ಯೂಟರಿನ ಮೂಲೆಯಲ್ಲೆಲ್ಲೋ ಉಳಿದಿದ್ದ ಅವನ ಟೈಪಿಂಗ್ ಕೂಡ ಬಹುಪಾಲು ವಾಪಸ್ಸು ಸಿಕ್ಕಿತು. ಅವನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

"ಬಂದೆ, ಬಂದೆ!" ಎನ್ನುತ್ತಾ ಅವಳು ಓಡಿದಳು.

ಅವಳ ಬದುಕೇ ಆ ಒಂದು ಮಾತಾಗಿತ್ತು. ಬಂದೆ!

ಹೆಸರಿಗೆ ಅವಳು ಆ ಶಾಲೆಯ ತಾಂತ್ರಿಕ ಸಹಾಯಕಿ. ಆದರೆ ಪ್ರಾರ್ಥನೆಗೆ ಮೈಕು ಇಡುವವಳೂ ಅವಳೇ, ಗಂಟೆ ಹೊಡೆಯುವ ಯಂತ್ರಕ್ಕೆ ಸಮಯ ಕಲಿಸುವವಳೂ ಅವಳೇ. ಗಣಿತದ ಮೇಡಂ ವಾರಕ್ಕೊಮ್ಮೆ ತಪ್ಪದೆ ಮರೆಯುವ ಪಾಸ್‌ವರ್ಡು, ಬೆರಳು ಒತ್ತಿದರೂ ಗುರುತು ಹಿಡಿಯದ ಹಾಜರಿ ಯಂತ್ರ, ಗೇಟಿನ ಕ್ಯಾಮೆರಾ, ಮಕ್ಕಳ ಐಡಿ ಕಾರ್ಡಿನ ಫೋಟೋ, "ಆ್ಯಪ್‌ನಲ್ಲಿ ನಮ್ಮ ಮಗನ ಮಾರ್ಕ್ಸ್ ಕಾಣ್ತಿಲ್ಲ" ಎನ್ನುವ ತಂದೆತಾಯಿಯರ ಫೋನು... ಪಿ.ಟಿ. ಮೇಷ್ಟ್ರಂತೂ ಒಮ್ಮೆ ತಮ್ಮ ಸೀಟಿಯನ್ನೇ ತಂದು, "ಇದರ ಸೌಂಡ್ ಕಮ್ಮಿಯಾಗಿದೆ, ಸ್ವಲ್ಪ ನೋಡಮ್ಮ" ಅಂದಿದ್ದರು! ಅವಳಿಗೆ 'ಕಂಪ್ಯೂಟರಮ್ಮ' ಎಂದು ಹೆಸರಿಟ್ಟವರೂ ಅವರೇ. ಈಗ ಇಡೀ ಶಾಲೆಗೆ ಅದೇ ಹೆಸರು.

ಮನೆಗೆ ಬಂದರೆ ಅತ್ತಿಗೆಯ ಬೈಗುಳ ಕಾದಿರುತ್ತಿತ್ತು.

"ಊರಿಗೆಲ್ಲ ಉಪಕಾರಿ ನೀನು! ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬಂದಿದೆ ನೋಡು. ಶಾಲೇಲಿ ಎಲ್ಲದಕ್ಕೂ ಚಾರ್ಜ್ ಮಾಡ್ತೀಯ, ನಿನಗ್ಯಾರೇ ಚಾರ್ಜ್ ಮಾಡೋರು?"

"ನಾನು ಇಲ್ದಿದ್ರೆ ಅಲ್ಲಿ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲ ಅತ್ತಿಗೆ!" ಎಂದು ಅವಳು ನಗುತ್ತಿದ್ದಳು.

ಆ ನಗುವಿನಲ್ಲಿ ಹೆಮ್ಮೆಯಿತ್ತು. ಹೆಮ್ಮೆಯ ಅಡಿಯಲ್ಲಿ ಭಯವೂ ಇತ್ತು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

*

ಕಥೆಯ ಯೋಚನೆ ಹೊಳೆದಿದ್ದು ಲೈಬ್ರರಿಯನ್‌ಗೆ.

"ಊಟ ಆದ್ಮೇಲೆ ಚಿಕ್ಕ ಮಕ್ಕಳೆಲ್ಲ ತೂಕಡಿಸ್ತಾರೆ. ಆಗ ಪಾಠ ಹೇಳಿದ್ರೂ ಒಂದೇ, ಗೋಡೆಗೆ ಹೇಳಿದ್ರೂ ಒಂದೇ" ಎಂದ, ಕಾರಿಡಾರಿನಲ್ಲಿ ಅವಳ ಏಣಿ ಹಿಡಿದು ನಿಂತು. "ಆ ಹೊತ್ತಲ್ಲಿ ಎಲ್ಲ ಕ್ಲಾಸಿಗೂ ಕೇಳೋ ಹಾಗೆ ಒಂದು ಕಥೆ ಓದಿದ್ರೆ? ಮೈಕಲ್ಲಿ? ಆಗುತ್ತಾ?"

ಏಣಿಯ ಮೇಲಿಂದ ಅವಳು ಕೆಳಗೆ ನೋಡಿದಳು. ಅವನ ಮುಖದಲ್ಲಿ ಚಿಕ್ಕ ಮಗುವಿನ ಆಸೆ!

"ಆಗುತ್ತೆ" ಎಂದಳು. ಆಗುವುದಿಲ್ಲ ಎಂಬ ಪದ ಅವಳ ನಾಲಿಗೆಗೆ ಗೊತ್ತೇ ಇರಲಿಲ್ಲವಲ್ಲ!

ಕೆಲವು ದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಸೇರಿ ಕೋಣೆಕೋಣೆಗೂ ಹಳೆಯ ಸ್ಪೀಕರ್‌ಗಳನ್ನು ಜೋಡಿಸಿದರು. ಅವಳು ವೈರು ಎಳೆದರೆ ಅವನು ಏಣಿ ಹಿಡಿಯುತ್ತಿದ್ದ. ಆ ಹೊತ್ತಿನ ಶಾಲೆಯೇ ಬೇರೆ. ಖಾಲಿ ಬೆಂಚುಗಳ ಮೇಲೆ ಇಳಿಬಿಸಿಲು ಮಲಗಿರುತ್ತಿತ್ತು. ಅಳಿಸದೆ ಬಿಟ್ಟ ಬೋರ್ಡಿನ ಅರ್ಧ ಲೆಕ್ಕ, ಮರೆತುಹೋದ ನೀರಿನ ಬಾಟಲಿ... ಅವರಿಬ್ಬರ ಹೆಜ್ಜೆ ಸಪ್ಪಳ ಮಾತ್ರ.

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯೇ ಮೈಕ್ ರೂಮು. ಒಂದು ಮೇಜು, ಎರಡು ಕುರ್ಚಿ, ಎತ್ತರದಲ್ಲೊಂದು ಕಿಂಡಿ. ಅಲ್ಲಿ ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಅವನು ಮೈಕಿನ ಮುಂದೆ, ಅವಳು ಪಕ್ಕದಲ್ಲಿ, ಕಿವಿಗೆ ಹೆಡ್‌ಫೋನ್.

ಮೊದಲ ದಿನ ಅವನು ಓದಲು ಶುರುಮಾಡಿದಾಗ ಅವಳು ಉಸಿರಾಡುವುದನ್ನೇ ಮರೆತಳು.

ಮಕ್ಕಳೆಲ್ಲ ಬೆಂಚಿನ ಮೇಲೆ ತಲೆಯಿಟ್ಟು ಕೇಳುತ್ತಿದ್ದರು. ಅವರಿಗೆ ಆ ದನಿ ಗೋಡೆಯ ಮೇಲಿಂದ ಬರುತ್ತಿತ್ತು. ಅವಳಿಗೆ ಮಾತ್ರ ಅದು ಕಿವಿಯೊಳಗೆ! ಪದದಿಂದ ಪದಕ್ಕೆ ಅವನು ಎಳೆದುಕೊಳ್ಳುವ ಉಸಿರು, ಹಾಳೆ ತಿರುಗಿಸುವ ಸದ್ದು, ರಾಕ್ಷಸನ ಮಾತು ಬಂದಾಗ ಗಂಟಲಲ್ಲೇ ಅಡಗಿಸಿಕೊಂಡ ನಗು... ಇಡೀ ಶಾಲೆ ಸಣ್ಣ ದೋಣಿಯೊಂದರಲ್ಲಿ ಕೂತು ಮಧ್ಯಾಹ್ನದ ಬಿಸಿಲ ಮೇಲೆ ತೇಲುತ್ತಿದೆ ಅನ್ನಿಸಿತು ಅವಳಿಗೆ.

"ಎಲ್ಲಿ ಕಲಿತ್ರಿ ಸರ್ ಹೀಗೆ ಓದೋದು?" ಒಂದು ದಿನ ಕೇಳಿಯೇಬಿಟ್ಟಳು.

"ಲಾರೀಲಿ."

"ಲಾರೀಲಾ?!"

"ಅಪ್ಪ ಲಾರಿ ಡ್ರೈವರ್. ಶಾಲೆಗೆ ರಜೆ ಬಂದ್ರೆ ನಾನೂ ಜೊತೆಗೆ ಹೋಗ್ತಿದ್ದೆ. ಅಪ್ಪ ತೂಕಡಿಸಬಾರದು ಅಂತ ಪಕ್ಕದಲ್ಲಿ ಕೂತು ಕಥೆ ಓದೋದು ನನ್ನ ಡ್ಯೂಟಿ." ಅವನು ನಕ್ಕ. "ಇಲ್ಲಿ ನೋಡಿ, ನಾನು ಓದಿದ್ರೆ ಎಲ್ಲರೂ ನಿದ್ದೆ ಮಾಡ್ತಾರೆ!"

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅವನನ್ನು ನೋಡಿದಳು. ಅವನೂ ನೋಡುತ್ತಿದ್ದ.

ಯಾರು ಮೊದಲು ಕಣ್ಣು ತಗ್ಗಿಸಿದರೋ... ಇಬ್ಬರಿಗೂ ನೆನಪಿಲ್ಲ.

*

ಪರೀಕ್ಷೆಯ ದಿನಗಳು ಬಂದವು. ಅವಳಿಗೆ ಹತ್ತು ಕೈ ಇದ್ದರೂ ಸಾಲದಾಯಿತು. ಪ್ರಶ್ನೆಪತ್ರಿಕೆಯ ಪ್ರಿಂಟು, ಆನ್‌ಲೈನ್ ಪರೀಕ್ಷೆಯ ಕೋಣೆ, ಅದರ ಮಧ್ಯೆ ಕೆಟ್ಟುಹೋದ ಗಂಟೆ. ಊಟ ತಪ್ಪಿತು, ನಿದ್ದೆ ತಪ್ಪಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತು.

ಆ ಮಧ್ಯಾಹ್ನ ಅವನು ಕಥೆ ಓದುತ್ತಿದ್ದಾಗ, ಅವಳ ತಲೆ ಮೆಲ್ಲಗೆ ಮೇಜಿನ ಮೇಲೆ ವಾಲಿತು. ಹೆಡ್‌ಫೋನ್ ಕಿವಿಯಲ್ಲೇ ಇತ್ತು. ಮುಖದ ಮೇಲೆ ಕಿಂಡಿಯ ಬೆಳಕಿತ್ತು.

ಕಥೆ ಮುಗಿಯಿತು. ಅವನು ಮೈಕು ಆರಿಸಿದ. ಎಬ್ಬಿಸಲು ಕೈ ಚಾಚಿದ... ಮನಸ್ಸಾಗಲಿಲ್ಲ.

'ಪಾಪ. ಸ್ವಲ್ಪ ಹೊತ್ತು ಮಲಗಲಿ.'

ಅಷ್ಟರಲ್ಲಿ ಮೇಜಿನ ಮೇಲೆ ಅವಳ ಫೋನು ಅದುರತೊಡಗಿತು. ಅವನು ತಟ್ಟನೆ ಅದನ್ನೆತ್ತಿ, ಹೆಸರು ಕೂಡ ನೋಡದೆ ಆಫ್ ಮಾಡಿದ. ಬಾಗಿಲು ಮುಂದೆ ಮಾಡಿಕೊಂಡು ಲೈಬ್ರರಿಗೆ ಹೋದ.

ಅದೇ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಪ್ರಿನ್ಸಿಪಾಲ್ ಮೇಡಂ, ಆಡಳಿತ ಮಂಡಳಿಯವರ ಜೊತೆ ಆನ್‌ಲೈನ್ ಸಭೆಗೆ ಕೂತಿದ್ದರು. ಪರದೆ ಕಪ್ಪಗಿತ್ತು. ಅವಳಿಗೆ ಎಷ್ಟು ಸಲ ಫೋನು ಮಾಡಿದರೂ ಸ್ವಿಚ್ ಆಫ್!

ಕೊನೆಗೆ ಪಿ.ಟಿ. ಮೇಷ್ಟ್ರು ಹುಡುಕಿಕೊಂಡು ಬಂದು ಬಾಗಿಲು ಬಡಿದರು.

"ಏಯ್ ಕಂಪ್ಯೂಟರಮ್ಮ! ಇಲ್ಲಿ ಮಲಗಿದ್ದೀಯಾ? ಮೇಲೆ ರಾಮಾಯಣ ಆಗ್ತಿದೆ!"

ಅವಳು ಎದ್ದು ಓಡಿದಳು. ಅವಳು ತಲುಪುವಷ್ಟರಲ್ಲಿ ಮಂಡಳಿಯವರು ಕಾದು ಕಾದು ಸಭೆ ಮುಗಿಸಿ ಹೋಗಿದ್ದರು. ಕೆಟ್ಟಿದ್ದು ಏನೂ ಇರಲಿಲ್ಲ. ಒಂದು ಕೇಬಲ್ ಸಡಿಲವಾಗಿತ್ತು, ಅಷ್ಟೇ! ಬೆರಳಲ್ಲಿ ಒತ್ತಿದೊಡನೆ ಪರದೆ ಬೆಳಗಿತು.

ಪ್ರಿನ್ಸಿಪಾಲ್ ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ" ಎಂದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು...

ಅವಳು ನೇರವಾಗಿ ಲೈಬ್ರರಿಗೆ ಹೋದಳು.

"ನನ್ನ ಫೋನ್ ಆಫ್ ಮಾಡಿದ್ದು ನೀವಾ?"

"ಹೌದು... ನೀವು ತುಂಬಾ ಸುಸ್ತಾಗಿದ್ರಿ, ಅದಕ್ಕೆ..."

"ಸುಸ್ತಾಗಿದ್ದೀನಿ ಅಂತ ನಾನು ಹೇಳಿದ್ನಾ ನಿಮಗೆ? ಎಬ್ಬಿಸಿ ಅಂತಾದ್ರೂ, ಬಿಡಿ ಅಂತಾದ್ರೂ ಕೇಳಿದ್ನಾ? ನನ್ನ ಫೋನ್ ಮುಟ್ಟೋಕೆ ನೀವ್ಯಾರು?"

ಅವನ ಮುಖ ಬಿಳುಚಿತು.

"ತಪ್ಪಾಯ್ತು. ನಾನು ಮೇಡಂ ಹತ್ರ ಹೋಗಿ..."

"ಏನೂ ಬೇಡ! ನಿಮ್ಮ ಸಹಾಯ ಸಾಕು."

ತಿರುಗಿ ನಡೆದವಳ ಕಣ್ಣು ತುಂಬಿತ್ತು. ಅವನು ನೋಡಿದ. ಅವನು ನೋಡಿದ್ದು ಅವಳಿಗೆ ಗೊತ್ತಾಗಲಿಲ್ಲ.

*

ಮರುದಿನವೇ ಅವಳು ಮೈಕನ್ನು ಲೈಬ್ರರಿಯ ಮೂಲೆಗೆ ಸಾಗಿಸಿ, ಅವನೊಬ್ಬನೇ ನಡೆಸಿಕೊಳ್ಳುವಂತೆ ಜೋಡಿಸಿಕೊಟ್ಟಳು. ಹಸಿರು ಗುಂಡಿ ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್. ಅಷ್ಟು ಹೇಳಿ ಮುಖ ನೋಡದೆ ಬಂದಳು.

ಇನ್ನು ಆ ದನಿಯಿಂದ ತಪ್ಪಿಸಿಕೊಂಡೆ ಎಂದುಕೊಂಡಳು.

ಎಲ್ಲಿಯ ತಪ್ಪಿಸಿಕೊಳ್ಳುವುದು! ಮಧ್ಯಾಹ್ನವಾದರೆ ಅವಳು ಎಲ್ಲಿದ್ದರೂ ಅವನು ಅಲ್ಲೇ ಇದ್ದ. ಪ್ರೊಜೆಕ್ಟರ್ ಒರೆಸಲು ಏಣಿ ಹತ್ತಿದರೆ ನೆತ್ತಿಯ ಹತ್ತಿರವೇ ಅವನ ಮಾತು. ಸ್ಟಾಫ್ ರೂಮಿಗೆ ಹೋದರೆ ಅಲ್ಲೂ. ಕಾರಿಡಾರಿನ ತುದಿಗೆ ನಡೆದರೆ ಒಂದು ಕ್ಲಾಸಿನ ಬಾಗಿಲಿನಿಂದ ವಾಕ್ಯದ ಅರ್ಧ, ಮುಂದಿನ ಬಾಗಿಲಿನಿಂದ ಉಳಿದರ್ಧ... ಶಾಲೆಯಲ್ಲಿ ಅವನ ದನಿ ಇಲ್ಲದ ಮೂಲೆಯನ್ನು ಅವಳೇ ತನ್ನ ಕೈಯಾರೆ ಇಲ್ಲವಾಗಿಸಿದ್ದಳು!

'ಇಷ್ಟು ಕೋಪ ಇರೋವಾಗಲೂ ಯಾಕೆ ಕೇಳ್ತಾ ನಿಲ್ತೀನಿ ನಾನು?'

ಕಥೆ ಮುಗಿಯುವವರೆಗೂ ಅವಳ ಕಾಲುಗಳು ಅಲ್ಲಾಡಲಿಲ್ಲ.

ಒಂದು ಮಧ್ಯಾಹ್ನ ಸ್ಪೀಕರ್‌ಗಳು ಮಾತಾಡಲಿಲ್ಲ.

ವೈರು ಕಿತ್ತಿದೆಯೇನೋ ಎಂದು ಓಡಾಡಿ ನೋಡಿದಳು. ಎಲ್ಲವೂ ಸರಿಯಾಗಿತ್ತು. ಮರುದಿನವೂ ಮೌನ. ಅದರ ಮರುದಿನ ಟೈ ಕಟ್ಟಿದ ಅಪರಿಚಿತನೊಬ್ಬ ಬಂದು, ಒಂದೊಂದು ಕೋಣೆಗೂ ಹೋಗಿ ಕಂಪ್ಯೂಟರ್‌ಗಳ ಫೋಟೋ ತೆಗೆದುಕೊಂಡ.

"ಯಾವುದೋ ಕಂಪನಿಯವನಂತೆ" ಎಂದರು ಪಿ.ಟಿ. ಮೇಷ್ಟ್ರು, ದನಿ ತಗ್ಗಿಸಿ. "ಕಂಪ್ಯೂಟರ್ ಕೆಲಸಾನೆಲ್ಲ ಗುತ್ತಿಗೆಗೆ ಕೊಡೋ ಯೋಚನೆ ಇದೆಯಂತಮ್ಮ. ಮೊನ್ನೆ ಮಂಡಳಿ ಸಭೆಗೆ ಲೈಬ್ರರಿಯವರು ಹೋಗಿದ್ರಲ್ಲ... ನೀನು ನಿದ್ದೆ ಮಾಡಿದ್ದು, ನಿನ್ನ ಕೈಲಿ ಇಷ್ಟೆಲ್ಲ ಆಗಲ್ಲ ಅನ್ನೋದು, ಎಲ್ಲ ಅವರೇ ಹೇಳಿದ್ರಂತೆ."

ಅವನಾ? ತನ್ನ ಬೆನ್ನ ಹಿಂದೆ? ಅಷ್ಟು ಮೆತ್ತನೆಯ ದನಿಯಲ್ಲಿ ಈ ಮಾತನ್ನೂ ಹೇಳಿದನಾ?

ಆ ಸಂಜೆ ಅವಳು ಊಟ ಮುಟ್ಟಲಿಲ್ಲ. ಅತ್ತಿಗೆ ಪಕ್ಕ ಬಂದು ಕೂತು ತಲೆ ನೇವರಿಸಿದಾಗ ಕಟ್ಟೆಯೊಡೆಯಿತು.

"ನಾನು ಕೆಲಸಕ್ಕೆ ಬರದೋಳಾದ್ರೆ ನನ್ನನ್ನ ಯಾರು ಇಟ್ಕೋತಾರೆ ಅತ್ತಿಗೆ?"

ಅತ್ತಿಗೆ ಬೆಚ್ಚಿಬಿದ್ದಳು. ಆ ಪ್ರಶ್ನೆ ಇವತ್ತಿನದಲ್ಲ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಅಮ್ಮ ಇಲ್ಲದ ಅಣ್ಣ ತಂಗಿ, ಮಾವನ ಮನೆಯಿಂದ ಚಿಕ್ಕಪ್ಪನ ಮನೆಗೆ, ಚೀಲ ಹಿಡಿದು ಅಲೆದು ಬೆಳೆದವರು. ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಸರಿಮಾಡಿದ ದಿನ ಅತ್ತೆ ಆ ಪುಟ್ಟ ಹುಡುಗಿಯ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸಿದ್ದರಂತೆ. ಅಂದಿನಿಂದ ಅವಳು ಆ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಹುಡುಕಿ ಹುಡುಕಿ ಸರಿಮಾಡುತ್ತಿದ್ದಳು...

"ಹುಚ್ಚಿ" ಎಂದಳು ಅತ್ತಿಗೆ, ಅವಳ ಕಣ್ಣೊರೆಸಿ. "ನಾನೇನು ನೀನು ಫ್ಯಾನ್ ರಿಪೇರಿ ಮಾಡ್ತೀಯ ಅಂತ ಇಟ್ಕೊಂಡಿದ್ದೀನಾ? ಹೋಗು. ನಾಳೆ ನಿಮ್ಮ ಮೇಡಂ ಹತ್ರ ಕೂತು, ನಿನಗೆ ಏನು ಕಷ್ಟ ಅಂತ ನಿನ್ನ ಬಾಯಲ್ಲೇ ಹೇಳು. ಕೆಲಸ ಹೋದ್ರೆ ಹೋಗ್ಲಿ. ಮನೆ ಇದೆ."

*

ಮರುದಿನ ಅವಳು ಪ್ರಿನ್ಸಿಪಾಲ್ ಮೇಡಂ ಎದುರು ಕೂತಳು.

"ಮೇಡಂ... ನನ್ನ ಒಬ್ಬಳ ಕೈಲಿ ಆಗಲ್ಲ."

ಹೇಳಿಬಿಟ್ಟಳು! ಹುಟ್ಟಿದಾಗಿನಿಂದ ಹೇಳದ ಮಾತು. ಛಾವಣಿ ಬೀಳಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ.

"ಕೆಲಸ ಗೊತ್ತಿಲ್ಲ ಅಂತಲ್ಲ. ಎಲ್ಲ ಗೊತ್ತು. ಆದ್ರೆ ಒಂದೇ ಹೊತ್ತಲ್ಲಿ ನಾಲ್ಕು ಕಡೆ ಇರೋಕಾಗಲ್ಲ. ಇನ್ನೊಬ್ಬರು ಬೇಕು. ಊಟದ ಹೊತ್ತಲ್ಲಿ ಊಟ ಮಾಡೋಕೆ ಬಿಡ್ಬೇಕು. ಕಂಪನಿಗೆ ಕೊಡೋದಾದ್ರೆ ಕೊಡಿ... ಆದ್ರೆ ನಾನು ಸೋಮಾರಿ ಅಂತ ಮಾತ್ರ ಅಂದ್ಕೋಬೇಡಿ."

ಮೇಡಂ ಮುಂದಿದ್ದ ಫೈಲು ಮುಚ್ಚಿದರು.

"ಕಂಪನಿಯವನು ದೂರು ಕೊಟ್ಟ ಎರಡು ದಿನಕ್ಕೆ ಜನ ಕಳಿಸ್ತಾನಂತೆ. ಎರಡು ದಿನ ಗಣಿತದ ಮೇಡಂ ಪಾಸ್‌ವರ್ಡ್ ಇಲ್ದೆ ಕೂರ್ತಾರಾ? ಅವನನ್ನ ನಿನ್ನೇನೇ ವಾಪಸ್ ಕಳಿಸಿದೆ." ಅವರು ನಕ್ಕರು. "ಇನ್ನೊಬ್ಬರನ್ನ ತಗೊಳ್ಳೋಕೆ ಮಂಡಳೀನ ಒಪ್ಪಿಸ್ತೀನಿ. ಲೈಬ್ರರಿಯವರು ಅವತ್ತೇ ಕೇಳಿದ್ರು. ನಾನೇ ಹೇಳ್ದೆ, ಅವಳ ಕಷ್ಟಾನ ಅವಳೇ ಬಂದು ಹೇಳ್ಲಿ, ನೀವು ಹೇಳೋದಲ್ಲ ಅಂತ."

"ಲೈಬ್ರರಿಯವರು... ನಾನು ನಿದ್ದೆ ಮಾಡಿದೆ ಅಂತ ದೂರು ಹೇಳಿದ್ರಂತಲ್ಲ?"

"ದೂರಾ? ತಪ್ಪೊಪ್ಪಿಕೊಂಡ್ರು ಕಣಮ್ಮ. ಫೋನ್ ಆಫ್ ಮಾಡಿದ್ದು ನಾನು, ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ ಅಂದ್ರು. ಮಂಡಳಿ ಅವರ ಕಥೆಯ ಹೊತ್ತನ್ನ ನಿಲ್ಲಿಸ್ತು. ತುಟಿ ಪಿಟಕ್ ಅನ್ನದೆ ಒಪ್ಪಿದ್ರು." ಮೇಡಂ ಕನ್ನಡಕ ಸರಿಮಾಡಿಕೊಂಡರು. "ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ... ಗೊತ್ತು ಮಾಡಿಕೊಳ್ಳಲು ಅವಳು ಹೋಗಿರಲೂ ಇಲ್ಲ!

"ಮೇಡಂ, ಮಕ್ಕಳು ಆ ಕಥೆಗೆ ಕಾಯ್ತಾರೆ..."

"ಗೊತ್ತು. ಪುಟಾಣಿಗಳು ದಿನಾ ನನ್ನ ಬಾಗಿಲಿಗೆ ಬರ್ತಿದ್ದಾರೆ. ಮಂಡಳಿಗೆ ನಾನು ಹೇಳ್ತೀನಿ, ಸೋಮವಾರದಿಂದ ಶುರು ಮಾಡಲಿ. ಹೋಗಿ ನೀವೇ ಹೇಳಿ."

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು.

*

ಶಾಲೆ ಬಿಟ್ಟಿತ್ತು. ಲೈಬ್ರರಿಯ ಉದ್ದನೆಯ ಕಿಟಕಿಗಳಿಂದ ಬಿಸಿಲು ಓರೆಯಾಗಿ ಇಳಿದಿತ್ತು. ಅದರೊಳಗೆ ಧೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ಅವನು ಕೆಳಗೆ ಕೂತು ಹರಿದ ಪುಸ್ತಕವೊಂದಕ್ಕೆ ಗೋಂದು ಹಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಬೆರಳೆಲ್ಲ ಅಂಟು ಅಂಟು.

"ಸೋಮವಾರದಿಂದ ಕಥೆ ಓದ್ಬೇಕಂತೆ" ಎಂದಳು ಏದುಸಿರಿನಲ್ಲಿ.

ಅವನ ಕಣ್ಣು ಹೊಳೆಯಿತು. ಮತ್ತೆ ಮಂಕಾಯಿತು.

"ನನ್ನ ಮೇಲಿನ ಕೋಪ?"

"ಅದು ಇದೆ."

"ಇರ್ಲಿ. ನ್ಯಾಯವಾಗೇ ಇದೆ. ನಿಮ್ಮನ್ನ ಕೇಳದೆ ನಿಮ್ಮ ಫೋನ್ ಆಫ್ ಮಾಡಿದೆ. ನಿಮ್ಮನ್ನ ಕೇಳದೆ ನಿಮ್ಮ ಪರವಾಗಿ ಮಾತಾಡೋಕೂ ಹೋದೆ. ಎರಡೂ ತಪ್ಪೇ. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡು ನಿಮ್ಮನ್ನ ಚಿಕ್ಕೋರನ್ನಾಗಿ ಮಾಡಿಬಿಟ್ಟೆ."

ಇಷ್ಟು ಸರಿಯಾಗಿ ಅವಳ ನೋವನ್ನು ಅವಳಿಗೂ ಹೇಳಲು ಬಂದಿರಲಿಲ್ಲ.

"ಶಿಕ್ಷೆ ಆಗಿದ್ದು ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀವು ಅದನ್ನೂ ಸರಿ ಮಾಡೋಕೆ ಓಡ್ತಿದ್ರಿ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು.

"ನೀವು ಓದದೇ ಇದ್ದಾಗ..." ಎಂದಳು, ಕಪಾಟಿನ ಅಂಚನ್ನು ಹಿಡಿದುಕೊಂಡು. "ಶಾಲೆ ಪೂರ್ತಿ ಓಡಾಡಿದೆ ಸರ್. ವೈರ್ ಎಲ್ಲ ಸರಿ ಇತ್ತು. ಸ್ಪೀಕರ್ ಸರಿ ಇತ್ತು. ನನಗೇ ಏನೋ ಆಗಿತ್ತು. ಏನು ಅಂತ ಕಂಡುಹಿಡಿಯೋಕೆ ಆಗ್ಲಿಲ್ಲ..."

"ಈಗ?"

"ಈಗ ಗೊತ್ತಾಯ್ತು."

ಅವನು ಅಂಟು ಮೆತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದ.

"ಒಂದು ನಿಜ ಹೇಳ್ಲಾ?" ಎಂದ ಮೆಲ್ಲಗೆ. "ಇಡೀ ಶಾಲೆಗೆ ಓದ್ತೀನಿ ಅಂತ ಎಲ್ಲರೂ ಅಂದ್ಕೊಂಡಿದ್ರು. ನಾನೂ ಮೊದಲ ದಿನ ಹಾಗೇ ಅಂದ್ಕೊಂಡಿದ್ದೆ. ಎರಡನೇ ದಿನದಿಂದ ಪಕ್ಕದ ಕುರ್ಚಿಗೆ ಮಾತ್ರ ಓದ್ತಿದ್ದೆ. ನೀವು ನಕ್ಕರೆ ಆ ಪುಟ ಚೆನ್ನಾಗಿದೆ ಅಂತ. ನೀವು ಕಣ್ಣು ಮುಚ್ಚಿದ್ರೆ ಇನ್ನೂ ನಿಧಾನ ಓದ್ಬೇಕು ಅಂತ... ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಇದನ್ನ ಕೇಳದೆ ಹೇಳಿದ್ದಕ್ಕೂ ಕೋಪ ಬಂದ್ರೆ, ಅದೂ ನ್ಯಾಯವೇ."

ಹೊರಗೆಲ್ಲೋ ಗೇಟು ಕಿರುಗುಟ್ಟಿತು. ಬಿಸಿಲು ಒಂದು ಕಪಾಟಿನಿಂದ ಇನ್ನೊಂದಕ್ಕೆ ಸರಿದಂತೆ ಅನ್ನಿಸಿತು. ಅವಳು ಹತ್ತಿರ ಬಂದಳು. ದುಪಟ್ಟಾದ ತುದಿಯಿಂದ ಅವನ ಬೆರಳುಗಳ ಗೋಂದನ್ನು ಒಂದೊಂದಾಗಿ ಒರೆಸತೊಡಗಿದಳು. ಅರ್ಧ ಅಂಟು ದುಪಟ್ಟಾಕ್ಕೇ ಹತ್ತಿತು. ಒರೆಸಿ ಮುಗಿದರೂ ಕೈ ಬಿಡಲಿಲ್ಲ.

"ಕೋಪ ಬಂದಿಲ್ಲ" ಎಂದಳು. "ನಾನೂ ಅಷ್ಟೇ... ಇಷ್ಟಪಡ್ತೀನಿ."

ಆಮೇಲೆ ಅವನು, ಕಥೆ ಓದುವ ಅದೇ ದನಿಯಲ್ಲಿ, ಕೇಳಿದ:

"ನಾಳೆ ರಜೆ. ನಮ್ಮ ಮನೆಗೆ ಬರ್ತೀರಾ? ಅಪ್ಪನೂ ಇರ್ತಾರೆ."

"ಬಂದೆ ಅಂದ್ಕೊಳ್ಳಿ. ಏನು ಕೆಟ್ಟಿದೆ? ಟೀವಿನಾ? ಟೂಲ್ಸ್ ಯಾವುದು ತರ್ಲಿ?"

ಅವನು ತಲೆಯಲ್ಲಾಡಿಸಿದ.

"ಏನೂ ಕೆಟ್ಟಿಲ್ಲ."

"ಮತ್ತೆ?"

"ಸುಮ್ನೆ ಬನ್ನಿ."

ಅವಳು ಅವನ ಮುಖವನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷಗಳಲ್ಲಿ ಯಾವ ಮನೆಯೂ, ಯಾವ ಕೋಣೆಯೂ, ಏನೂ ಕೆಡದೆ ಅವಳನ್ನು ಕರೆದಿರಲಿಲ್ಲ.

"ಸುಮ್ನೆ ಬಂದು... ಏನು ಮಾಡ್ಲಿ?" ಎಂದಳು, ಮಗುವಿನ ಹಾಗೆ.

"ಕೂತ್ಕೊಳ್ಳಿ" ಎಂದ ಅವನು. "ಅಷ್ಟೇ."